ಬೈರಿಗೆ ನಿಲ್ಲುವ ಎಡೆ

ಕನ್ನಡದ ಮಾತಿನಲ್ಲಿ ತಲೆಗಿರುವ ಸ್ಥಾನ ಬಹು ದೊಡ್ಡದು. ಚಿಂತೆ ಹೆಚ್ಚಿದರೆ ತಲೆ ಬಿಸಿಯಾಗುತ್ತದೆ. ಹೇಳಿದ ಬುದ್ಧಿ ತಲೆಗೆ ಹತ್ತುತ್ತದೆ, ಇಲ್ಲವೆ ಹತ್ತುವುದಿಲ್ಲ. ಬಿಡದೆ ಕಾಡುವ ಯೋಚನೆ ಹುಳುವಿನಂತೆ ತಲೆಯನ್ನು ಕೊರೆಯುತ್ತದೆ. ಹಸುಗೂಸಿನ ನೆತ್ತಿ ಮಿಡಿಯುವುದನ್ನು ಕಂಡ ಅಜ್ಜಿ ಅಲ್ಲಿಗೆ ಅಂಗೈಯಿಂದ ಮೆಲ್ಲಗೆ ಎಣ್ಣೆಯೊತ್ತಿ, ನೆತ್ತಿ ಕೂಡುವವರೆಗೆ ಮಗುವನ್ನು ಜೋಪಾನವಾಗಿ ಎತ್ತಿಕೊಳ್ಳಿರೆಂದು ಮನೆಮಂದಿಗೆಲ್ಲ ಎಚ್ಚರಿಕೆ ಹೇಳುತ್ತಾಳೆ. ತೆರೆದು ಬಂದ ಆ ಎಡೆಯನ್ನು ದೇಹ ಸುಮಾರು ಎರಡು ವರ್ಷಗಳೊಳಗಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಹಾಗೆ ಭದ್ರವಾಗಿ ಮುಚ್ಚಿದ ಪೆಟ್ಟಿಗೆಯನ್ನು ಮನುಷ್ಯನು ತನ್ನ ಕೈಯಿಂದಲೇ ಮತ್ತೆ ತೆರೆಯಲೆಳಸಿದ್ದು ಇಂದು ನಿನ್ನೆಯ ಮಾತಲ್ಲ.

ಹಲಸೂರಿನ ಕಿರುಬೀದಿಯೊಂದರಲ್ಲಿ ವಾಸವಾಗಿರುವ ಯಜಮಾನರೊಬ್ಬರಿಗೆ ಈ ಪುರಾತನ ವಿದ್ಯೆಯ ಪರಿಚಯ ತಮ್ಮ ತಲೆಯ ಮೂಲಕವೇ ಆಗಬೇಕೆಂದಿದ್ದಿತು. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ, 1948ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯಲ್ಲಿ ಅವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿದವರು. ಲೋಹದ ತಗಡುಗಳಿಗೆ ಅಳತೆ ತಪ್ಪದಂತೆ ತೂತು ಕೊರೆಯುವುದೇ ಅವರ ಕೆಲಸ. ತಂದೆ ಮರಗೆಲಸದವರು; ಆ ತಂದೆಯ ಕೈಯ ಬೈರಿಗೆಯೊಂದು ಈಗಲೂ ಮನೆಯ ಅಟ್ಟದ ಮೇಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಯಜಮಾನರು ಹೇಳುತ್ತಿದ್ದುದು ಒಂದೇ ಮಾತು: "ತೂತು ಕೊರೆಯುವುದಕ್ಕೆ ಬಲ ಸಾಕಪ್ಪ, ನಿಲ್ಲಿಸುವುದಕ್ಕೆ ಬುದ್ಧಿ ಬೇಕು. ಆಚೆಯ ಬದಿಗೆ ಬರುವ ಆ ಒಂದು ಗಳಿಗೆಯಲ್ಲಿ ಕೈ ಹಗುರವಾಗದಿದ್ದರೆ ತಗಡೂ ಹೋಯಿತು, ಬೆರಳೂ ಹೋಯಿತು."

ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಸಂತ ಮೇರಿಯಮ್ಮನ ಹಬ್ಬದ ಸಡಗರ ನೋಡಲೆಂದು ಎಂಟು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದರು. ರಸ್ಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಕೊಂಡು, ಜನಸಂದಣಿಯ ನಡುವೆ ಅವಸರದಿಂದ ಆಟೋ ಹತ್ತುವಾಗ ಮೇಲಿನ ಕಂಬಿ ತಲೆಗೆ ಬಡಿಯಿತು. ರಕ್ತ ಬರಲಿಲ್ಲ, ಬುಗುಟೂ ಏಳಲಿಲ್ಲ. "ನಿಮ್ಮ ತಾತನ ಬುರುಡೆ ಗಟ್ಟಿ, ಕಂಬಿಗೇ ನೋವಾಗಿರಬೇಕು" ಎಂದು ಮಗುವನ್ನು ನಗಿಸಿದರು. ಮನೆಗೆ ಬರುವ ವೇಳೆಗೆ ಇಬ್ಬರೂ ಅದನ್ನು ಮರೆತಿದ್ದರು.

ತಿಂಗಳೊಂದು ಕಳೆಯಿತು. ಆಯುಧಪೂಜೆಯ ದಿನ ಪದ್ಧತಿಯಂತೆ ಅಟ್ಟದಿಂದ ಹಳೆಯ ಉಪಕರಣಗಳನ್ನಿಳಿಸಿ ಒರೆಸುತ್ತ ಕುಳಿತಿದ್ದರು. ತಂದೆಯ ಬೈರಿಗೆ ಬಲಗೈಯಿಂದ ಜಾರಿ ನೆಲಕ್ಕೆ ಬಿತ್ತು. ಮತ್ತೆ ಎತ್ತಿಕೊಂಡರು, ಮತ್ತೆ ಜಾರಿತು. ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ಹೆಂಡತಿಯತ್ತ ತಿರುಗಿ, "ಇದಕ್ಕೆ... ಇದಕ್ಕೆ ಏನಂತಾರೆ?" ಎಂದು ಕೇಳಿದರು. ಆಕೆ ತಮಾಷೆಯೆಂದುಕೊಂಡು ನಕ್ಕರು. ಅವರು ನಗಲಿಲ್ಲ.

ಮುಂದಿನ ದಿನಗಳಲ್ಲಿ ಮಾತು ಇನ್ನಷ್ಟು ತಡವರಿಸಿತು, ನಡೆಯುವಾಗ ಬಲಗಾಲು ಎಳೆಯತೊಡಗಿತು, ಹಗಲೆಲ್ಲ ಮಂಪರು. ವಯಸ್ಸಾಯಿತೆಂದು ಮಗ ಸಮಾಧಾನ ಹೇಳಿದನು. ಅರಳುಮರಳೆಂದರು ನೆಂಟರು. ದೃಷ್ಟಿ ತಾಕಿದೆಯೆಂದು ನೆರೆಮನೆಯಾಕೆ ಒಣಮೆಣಸಿನಕಾಯಿ ನಿವಾಳಿಸಿದಳು. ಕೊನೆಗೆ ಹಿಂದಿನಿಂದ ನೋಡಿಕೊಳ್ಳುತ್ತಿದ್ದ ವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಕೈಕಾಲು ಪರೀಕ್ಷಿಸಿ, "ತಲೆಗೆ ಪೆಟ್ಟೇನಾದರೂ ಬಿದ್ದಿತ್ತೇ?" ಎಂದು ಕೇಳಿದರು. ಹಿರಿಯರಾರಿಗೂ ನೆನಪಿಲ್ಲ. ಮೂಲೆಯಲ್ಲಿ ಕುಳಿತಿದ್ದ ಮೊಮ್ಮಗಳು, "ಆಟೋ ಕಂಬಿ ಹೊಡೀತಲ್ಲ ತಾತ, ಅವತ್ತು!" ಎಂದಳು.

ಆ ಸಂಜೆಯೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಎಡಗಡೆ, ಬುರುಡೆಗೂ ಮಿದುಳಿಗೂ ನಡುವೆ, ಬಿದಿಗೆಯ ಚಂದ್ರನಂತೆ ಬಾಗಿದ ನೆರಳು. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗುತ್ತದೆ. ಅದರಿಂದ ಹೊದಿಕೆಯ ಕಡೆಗೆ ಹಾಯುವ ಸಣ್ಣ ರಕ್ತನಾಳಗಳು ಬಿಗಿದ ತಂತಿಯಂತಾಗುತ್ತವೆ. ಅಲ್ಪ ಪೆಟ್ಟಿಗೂ ಅವು ಹರಿಯಬಹುದು. ರಕ್ತ ಒಮ್ಮೆಲೇ ನುಗ್ಗದೆ ವಾರಗಟ್ಟಲೆ ಜಿನುಗಿ, ಕಪ್ಪು ನೀರಾಗಿ ಮಿದುಳನ್ನು ಒತ್ತುತ್ತದೆ. ರಕ್ತವನ್ನು ತೆಳುವಾಗಿಸುವ ಔಷಧ ಸೇವಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು. ಬುರುಡೆಯಲ್ಲಿ ಎರಡು ರಂಧ್ರ ಕೊರೆದು ಆ ನೀರನ್ನು ಹೊರಬಿಡಬೇಕು, ಎಂದರು ಶಸ್ತ್ರವೈದ್ಯರು.

ಒಪ್ಪಿಗೆಯ ಕಾಗದದ ಮುಂದೆ ಮಗನ ಕೈ ನಡುಗಿತು. ತಾಯಿಯಂತೂ ಗೋಡೆಗೊರಗಿ ಕುಳಿತುಬಿಟ್ಟರು. "ತಲೆ ಕೊರೆದರೆ ಮನುಷ್ಯ ಬೊಂಬೆಯಾಗಿಬಿಡ್ತಾನೆ ಅಂತ ನಮ್ಮ ಹಿರಿಯರು ಹೇಳ್ತಿದ್ದರು ಕಣೋ. ಬೇಡ. ಇರುವಷ್ಟು ದಿನ ಹೀಗೇ ಇರಲಿ."

ಆ ತಾಯಿಯ ಹೆದರಿಕೆ ಹಳೆಯದು. ಶಸ್ತ್ರವೈದ್ಯರ ಧೈರ್ಯ ಅದಕ್ಕಿಂತ ಹಳೆಯದು. ಕಾಶ್ಮೀರದ ಬುರ್ಜಹೋಮಿನ ಉತ್ಖನನದಲ್ಲಿ ದೊರೆತ, ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಸ್ತ್ರೀಯೊಬ್ಬಳ ಕಪಾಲದಲ್ಲಿ ಕೊರೆದ ಗುರುತುಗಳು ಒಂದೆರಡಲ್ಲ. ಕೆಲವು ಆಚೆಗೆ ತೂರಿಹೋಗಿವೆ, ಕೆಲವು ನಡುವೆಯೇ ನಿಂತಿವೆ. ಆಕೆಯ ನೋವೇನಿತ್ತು, ಕೊರೆದವರ ಉದ್ದೇಶವೇನಿತ್ತು, ಕಪಾಲ ಹೇಳುವುದಿಲ್ಲ. ದಕ್ಷಿಣ ಅಮೆರಿಕದ ಪೆರುವಿನಿಂದ ಇಂಥದೇ ಒಂದು ಕಪಾಲವನ್ನು 1860ರ ದಶಕದಲ್ಲಿ ಸ್ಕ್ವಯರ್ ಎಂಬುವರು ಪಡೆದರು. 1867ರಲ್ಲಿ ಅದನ್ನು ಪರೀಕ್ಷಿಸಿದ ಪ್ಯಾರಿಸಿನ ಪಾಲ್ ಬ್ರೋಕಾ, ಇದು ಬದುಕಿದ್ದವನ ತಲೆಯ ಮೇಲೆ ನಡೆದ ಶಸ್ತ್ರಕ್ರಿಯೆಯೆಂದೂ, ಆತ ಆಮೇಲೂ ಕೆಲವು ದಿನ ಬದುಕಿದ್ದನೆಂದೂ ಸಾರಿದಾಗ ವಿದ್ವಾಂಸರು ಬೆರಗಾದರು. ಮಾತಿನ ನೆಲೆ ಎಡಮಿದುಳಿನಲ್ಲಿದೆಯೆಂದು ತೋರಿಸಿಕೊಟ್ಟವರೂ ಈ ಬ್ರೋಕಾ ಅವರೇ. ಹಲಸೂರಿನ ಯಜಮಾನರಿಗೆ ಬೈರಿಗೆಯ ಹೆಸರು ಮರೆತದ್ದೇಕೆಂಬುದಕ್ಕೆ ಉತ್ತರ ಅಲ್ಲಿಯೇ ಇದೆ.

ಪೆರುವಿನ ಇಂಕಾ ಕಾಲದ ಕಪಾಲಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ರಂಧ್ರಗಳ ಅಂಚು ಮಾಗಿ ನುಣುಪಾಗಿದೆ. ಎಂದರೆ, ಕೊರೆಸಿಕೊಂಡವರಲ್ಲಿ ಬಹುಮಂದಿ ಬದುಕಿಕೊಂಡರು. ಕೊರೆದವರು ಮಿದುಳಿನ ಹೊದಿಕೆಯನ್ನು ಮುಟ್ಟದೆ ಕೈ ತಡೆದಿರಬೇಕೆಂದು ಪಂಡಿತರ ಊಹೆ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ತಲೆಗಾಯಗಳ ಗ್ರಂಥದಲ್ಲಿಯೂ ಇದೇ ಎಚ್ಚರಿಕೆಯುಂಟು: ಕೊರೆಯುವ ಉಪಕರಣ ಬಿಸಿಯಾಗುತ್ತದೆ, ಆಗಾಗ ತಣ್ಣೀರಿಗೆ ಅದ್ದಬೇಕು, ಹೊದಿಕೆಯವರೆಗೆ ಒಂದೇ ಸಲಕ್ಕೆ ಕೊರೆಯದೆ ತೆಳುವಾದ ಪದರವೊಂದನ್ನು ಉಳಿಸಬೇಕು. ದೂರವಾಣಿನಗರದ ಕುಶಲಕರ್ಮಿ ಇದನ್ನು ಓದಿದ್ದರೆ, ಬರೆದವನು ತನ್ನ ಜಾತಿಯವನೇ ಎಂದು ತಲೆದೂಗುತ್ತಿದ್ದರು.

ಭಾರತದ ಕಥೆಗಳಲ್ಲಿಯೂ ತಲೆ ತೆರೆದ ವೈದ್ಯರುಂಟು. ಭೋಜರಾಜನ ತಲೆನೋವಿಗೆ ಕಾರಣವಾದ ಮೀನನ್ನು ಇಬ್ಬರು ವೈದ್ಯರು ಕಪಾಲ ತೆರೆದು ಹೊರತೆಗೆದರೆಂದು ಬಲ್ಲಾಳನ ಭೋಜಪ್ರಬಂಧ ಹೇಳುತ್ತದೆ. ಬೌದ್ಧರ ಮಹಾವಗ್ಗದಲ್ಲಿ ಜೀವಕನು ರಾಜಗೃಹದ ಶೆಟ್ಟಿಯೊಬ್ಬನ ತಲೆಯಿಂದ ಎರಡು ಹುಳುಗಳನ್ನು ತೆಗೆಯುತ್ತಾನೆ. ಆಮೇಲೆ ಏಳು ತಿಂಗಳು ಒಂದು ಮಗ್ಗುಲಲ್ಲಿ, ಏಳು ತಿಂಗಳು ಇನ್ನೊಂದು ಮಗ್ಗುಲಲ್ಲಿ, ಏಳು ತಿಂಗಳು ಅಂಗಾತ ಮಲಗಬೇಕೆಂದು ಮೊದಲೇ ಮಾತು ತೆಗೆದುಕೊಂಡಿರುತ್ತಾನೆ. ಶೆಟ್ಟಿ ಒಂದೊಂದಕ್ಕೂ ಏಳೇ ದಿನದಲ್ಲಿ ಬೇಸತ್ತುಬಿಡುತ್ತಾನೆ. ತಿಂಗಳೆಂದು ಹೇಳದಿದ್ದರೆ ನೀನು ಅಷ್ಟು ದಿನವೂ ಮಲಗುತ್ತಿರಲಿಲ್ಲ ಎಂಬುದು ಜೀವಕನ ಉತ್ತರ! ಹುಳುವಿನ ಮಾತು ನಂಬುವಂಥದಲ್ಲವೆಂದು ನಗುವವರು ಇದನ್ನೂ ತಿಳಿಯಬೇಕು: ಹಂದಿಯ ಲಾಡಿಹುಳುವಿನ ಮೊಟ್ಟೆ ತೊಳೆಯದ ಸೊಪ್ಪು ತರಕಾರಿಯೊಡನೆ ಹೊಟ್ಟೆ ಸೇರಿದರೆ ಅದರ ಮರಿ ಮಿದುಳಿನಲ್ಲಿ ನೆಲೆಸಿ ಮೂರ್ಛೆರೋಗ ತರುವುದುಂಟು. ಆದರೆ ಅದಕ್ಕೆ ಇಂದು ಬಹುಮಟ್ಟಿಗೆ ಮಾತ್ರೆಯೇ ಮದ್ದು, ಬೈರಿಗೆಯಲ್ಲ.

ಹಾಗಾದರೆ ಆ ತಾಯಿ ಹಿರಿಯರಿಂದ ಕೇಳಿದ ಮಾತು ಬರಿಯ ಸುಳ್ಳೆ? ಅಲ್ಲ. 1935ರಲ್ಲಿ ಪೋರ್ಚುಗಲ್ಲಿನ ಈಗಾಸ್ ಮೊನಿಸ್ ಎಂಬ ವೈದ್ಯರು ಮನೋರೋಗಕ್ಕೆ ಹೊಸ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಕಪಾಲದಲ್ಲಿ ಎರಡು ರಂಧ್ರ ಮಾಡಿ ಮುಂಮಿದುಳಿನ ನಾರುಗಳ ಸಂಪರ್ಕವನ್ನು ಕಡಿಯುವುದೇ ಅದರ ಮರ್ಮ. ಆ ಅಲೆ ಬೆಂಗಳೂರನ್ನೂ ಮುಟ್ಟಿತು. ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಡಾ. ಬಿ. ಎನ್. ಬಾಲಕೃಷ್ಣರಾಯರೂ ಭಾರತೀಯ ರೋಗಿಗಳಲ್ಲಿ ಈ ಚಿಕಿತ್ಸೆ ಮಾಡಿದ ಅನುಭವವನ್ನು 1944ರಲ್ಲಿ ಲಂಡನ್ನಿನ 'ಲಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದು ಅದು ಲೋಕವೆಲ್ಲ ಮೆಚ್ಚಿದ ವಿದ್ಯೆ; 1949ರಲ್ಲಿ ಮೊನಿಸರಿಗೆ ನೊಬೆಲ್ ಬಹುಮಾನವೂ ಬಂದಿತು. ಸರಪಳಿಯ ಹೊರತು ಬೇರೆ ಉಪಾಯ ಕಾಣದ ರೋಗಿಗಳಿಗೆ ಏನಾದರೂ ಮಾಡಬೇಕೆಂಬ ವೈದ್ಯರ ಕಳಕಳಿ ಸುಳ್ಳಾಗಿರಲಿಲ್ಲ. ಆದರೆ ದೇಶದೇಶಗಳಲ್ಲಿ ಇದಕ್ಕೊಳಗಾದವರಲ್ಲಿ ಅನೇಕರು ಶಾಂತರಾದಂತೆಯೇ ಮಂಕೂ ಆದರು. ರೋಷದೊಡನೆ ಆಸೆ, ಅಕ್ಕರೆ, ಉತ್ಸಾಹಗಳೂ ಹೋದುವು. 1952ರಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಈ ಶಸ್ತ್ರಕ್ರಿಯೆ ಕ್ರಮೇಣ ಹಿಂದೆ ಸರಿಯಿತು. ಇಂದು 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ರೋಗಿಯು ತಾನೇ ತಿಳಿದು ಒಪ್ಪದೆ, ಕಾಯಿದೆಯ ಮಂಡಳಿಯೂ ಅನುಮತಿಸದೆ, ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆ ನಡೆಸುವಂತಿಲ್ಲ.

ರಂಧ್ರ ಅಂದೂ ಅಚ್ಚುಕಟ್ಟಾಗಿಯೇ ಇದ್ದಿತು. ತಪ್ಪಿದ್ದು ನಿಲ್ಲಬೇಕಾದ ಎಡೆ.

ಆ ಮಾನಸಿಕ ಆಸ್ಪತ್ರೆಯೇ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಶಸ್ತ್ರವೈದ್ಯ ಡಾ. ಆರ್. ಎಂ. ವರ್ಮ ಅವರು ಕಂಪವಾತಕ್ಕೆ ಕಂಡುಕೊಂಡ ದಾರಿಯಂತೂ ಇನ್ನೊಂದು ಬಗೆಯದು. ಬುರುಡೆಯ ಬುಡದಲ್ಲಿ ನಿಸರ್ಗವೇ ಇಟ್ಟಿರುವ ರಂಧ್ರವೊಂದರೊಳಗೆ, ಕೆನ್ನೆಯ ಮೂಲಕ ಸೂಜಿ ಸೇರಿಸಿ ಅವರು ಮಿದುಳಿನ ಆಳವನ್ನು ತಲುಪಿದರು. ಕೊರೆಯದೆಯೇ ಆಗುವುದಾದರೆ ಕೊರೆಯದಿರುವುದೂ ಒಂದು ವಿದ್ಯೆ.

ಹಲಸೂರಿನವರ ಪ್ರಸಂಗದಲ್ಲಿ ಕೊರೆಯದೆ ಬೇರೆ ದಾರಿಯಿರಲಿಲ್ಲ. ಶಸ್ತ್ರವೈದ್ಯರು ತಾಯಿಯ ಪಕ್ಕದಲ್ಲಿಯೇ ಕುಳಿತು ಹೇಳಿದರು: "ಮಿದುಳನ್ನು ನಾವು ಮುಟ್ಟುವುದಿಲ್ಲಮ್ಮ. ಮೇಲೆ ನಿಂತ ನೀರನ್ನು ಮಾತ್ರ ಬಿಡುತ್ತೇವೆ. ಎಲ್ಲರಿಗೂ ಗುಣವಾಗುತ್ತದೆಂದು ಮಾತು ಕೊಡಲಾರೆ. ಆದರೆ ಹೀಗೇ ಬಿಟ್ಟರೆ ಏನಾಗುತ್ತದೆಂದು ಬಲ್ಲೆ." ತಾಯಿ ಬಹಳ ಹೊತ್ತು ಸುಮ್ಮನಿದ್ದು, ಮಗನ ಕೈಗೆ ಲೇಖನಿಯನ್ನು ತಾವೇ ಎತ್ತಿಕೊಟ್ಟರು.

ಮಂಚದ ಮೇಲೆ ಮಲಗಿದ್ದ ಯಜಮಾನರು ತಡವರಿಸುತ್ತ ಒಂದೇ ಪ್ರಶ್ನೆ ಕೇಳಿದರು. "ಡಾಕ್ಟರೇ... ಆಚೆ... ಆಚೆ ಬಂದಾಗ... ಹೇಗೆ ನಿಲ್ಲಿಸ್ತೀರಿ?"

ವೈದ್ಯರು ಚಕಿತರಾದರು. ತಮ್ಮ ಉಪಕರಣದ ಮೊನೆಯನ್ನು ತರಿಸಿ ತೋರಿಸಿದರು. ಅದರಲ್ಲಿ ಒಂದರೊಳಗೊಂದು ಎರಡು ಅಲಗುಗಳು. ಎದುರಿಗೆ ಗಟ್ಟಿಯಾದ ಮೂಳೆ ಇರುವವರೆಗೆ ಮಾತ್ರ ಅವು ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ. ಮೂಳೆ ಮುಗಿದು ಮೊನೆಗೆ ಒತ್ತು ತಪ್ಪಿದೊಡನೆ ಹಿಡಿತ ಬಿಟ್ಟು ತಾವಾಗಿ ನಿಲ್ಲುತ್ತವೆ. "ಆದರೂ ಯಜಮಾನರೇ, ಯಂತ್ರದ ಮೇಲೆಯೇ ಭಾರ ಹಾಕುವುದಿಲ್ಲ; ಕೈಯೂ ಎಚ್ಚರವಾಗಿರಬೇಕು" ಎಂದರು. ಯಜಮಾನರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ತೃಪ್ತಿಯ ಕಳೆ ಮೂಡಿತು.

ತಲೆಯ ಚರ್ಮಕ್ಕೆ ಮಾತ್ರ ಮರವು ಬರುವ ಔಷಧ ಕೊಟ್ಟು, ಅಂಗಿಯ ಗುಂಡಿಯಷ್ಟಗಲದ ಎರಡು ರಂಧ್ರಗಳನ್ನು ಮಾಡಿದರು. ಮಿದುಳಿಗೆ ಸ್ವತಃ ನೋವು ತಿಳಿಯುವ ಶಕ್ತಿಯಿಲ್ಲ. ಆದರೆ ಸದ್ದು ತಿಳಿಯುತ್ತದೆ. ಜೀವಮಾನವೆಲ್ಲ ಕೈಯಿಂದ ಕೇಳಿದ ಆ ಸದ್ದನ್ನು ಅಂದು ಅವರು ತಮ್ಮ ಮೂಳೆಯಿಂದಲೇ ಕೇಳಿದರು. ಸದ್ದು ತಟ್ಟನೆ ನಿಂತಿತು. ಶಿವಾಜಿನಗರದ ಗ್ಯಾರೇಜುಗಳ ಮುಂದೆ ಹರಿಯುವ ಹಳೆಯ ಎಂಜಿನ್ ಎಣ್ಣೆಯಂಥ ಕಪ್ಪು ದ್ರವ ಹೊರಬಂದಿತು. ಒಳಗೆ ಉಳಿದುದು ಇಳಿಯಲೆಂದು ಎರಡು ದಿನದ ಮಟ್ಟಿಗೆ ಸಣ್ಣ ನಳಿಕೆಯೊಂದನ್ನು ಇರಿಸಿದರು. ಹೀಗೆ ನಳಿಕೆ ಇರಿಸುವುದರಿಂದ ದ್ರವ ಮತ್ತೆ ತುಂಬುವ ಪ್ರಸಂಗಗಳು ನೂರಕ್ಕೆ 24ರಿಂದ 9ಕ್ಕೆ ಇಳಿದುವೆಂದು 2009ರಲ್ಲಿ ಪ್ರಕಟಿಸಿದುದೂ ಅದೇ ಲಾನ್ಸೆಟ್ ಪತ್ರಿಕೆಯೇ.

ಮರುದಿನ ಬೆಳಗ್ಗೆ ಹೆಂಡತಿ ಕಾಫಿ ಹಿಡಿದು ಹತ್ತಿರ ಬಂದರು. ಅವರು ಬಲಗೈ ಚಾಚಿ ಲೋಟ ತೆಗೆದುಕೊಂಡು, "ಬೈರಿಗೆ" ಎಂದರು.

"ಏನಂದಿರಿ?"

"ಬೈರಿಗೆ ಕಣೆ, ಅದರ ಹೆಸರು. ಎತ್ತಿಟ್ಟಿದ್ದೀಯೋ, ಮಗು ಕೈಗೆ ಸಿಗುವ ಹಾಗೆ ಅಲ್ಲೇ ಬಿಟ್ಟಿದ್ದೀಯೋ?"

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೂರನೆಯ ದಿನ ಮಲಗಿರಲೊಲ್ಲದೆ ಅವರು ಎದ್ದು ಕುಳಿತಾಗ ದಾದಿಯ ಕೈಯಲ್ಲಿ ಬೈಸಿಕೊಂಡರು. ರಾಜಗೃಹದ ಶೆಟ್ಟಿಗಿಂತ ಇವರೇನೂ ಹೆಚ್ಚಿನ ತಾಳ್ಮೆಯವರಲ್ಲ.

ಮುದಿತನದ ಮರೆವೆಲ್ಲಕ್ಕೂ ಇಂಥ ಬಿಡುಗಡೆಯಿಲ್ಲ. ಆದರೆ ನಾಲ್ಕಾರು ವಾರಗಳಲ್ಲಿ ತಟ್ಟನೆ ಬಂದ ಮಂಕನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವ ಮನೆಗಳು ಊರಲ್ಲಿ ಎಷ್ಟಿಲ್ಲ? ಕೇಳಬೇಕಾದ ಪ್ರಶ್ನೆಯೊಂದನ್ನು ಕೇಳುವ ವೈದ್ಯರೂ, ಅದಕ್ಕೆ ಉತ್ತರ ನೆನಪಿಟ್ಟ ಮಗುವೂ ಎಲ್ಲ ಮನೆಗೂ ದೊರೆಯುವುದಿಲ್ಲ.

ಈಗ ಅವರ ಕೂದಲ ನಡುವೆ ಎರಡು ಸಣ್ಣ ತಗ್ಗುಗಳಿವೆ. ಆಟೋ ಹತ್ತುವಾಗ ಮೊಮ್ಮಗಳು ತಾತನ ತಲೆಯ ಮೇಲೆ ಕೈಯಿಟ್ಟು ಬಗ್ಗಿಸುತ್ತಾಳೆ. ಭಾನುವಾರ ಎಣ್ಣೆ ಒತ್ತುವಾಗ ಹೆಂಡತಿಯ ಬೆರಳುಗಳು ಉಳಿದೆಡೆಯಲ್ಲಿ ಬಿರುಸಾಗಿ ಓಡಿ, ಆ ಎರಡು ತಗ್ಗುಗಳ ಬಳಿ ಬಂದೊಡನೆ ಹಗುರವಾಗುತ್ತವೆ. ಎಂದೋ ತನ್ನ ಮಗನ ನೆತ್ತಿಯ ಮೇಲೆ ಹೀಗೆಯೇ ಹಗುರವಾದ ಬೆರಳುಗಳವು. ನಿಲ್ಲಬೇಕಾದ ಎಡೆ ಯಾವುದೆಂದು ಅವಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ.