ಅಮ್ಮ ಕೊಟ್ಟ ಕೈಗಡ

ಇದನ್ನ ಬರೀಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ತಾನೇ ಇದ್ದೆ. ಕೂತಾಗಲೆಲ್ಲ ಬೇರೇನೋ ಬರೆದು ಎದ್ದು ಹೋಗಿದ್ದೇನೆ.

2005ನೇ ಇಸವಿ. ನಾನಾಗ ಸಣ್ಣದೊಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಎಂಟು ತಿಂಗಳ ಕೂಸನ್ನ ಎತ್ತಿಕೊಂಡು ಒಬ್ಬಾಕೆ ಬಂದರು, ಜೊತೆಗೆ ಅತ್ತೆ. ಆಕೆಗೆ ಎಚ್‌ಐವಿ ಇರೋದು ಬಸುರಿದ್ದಾಗಲೇ ಗೊತ್ತಾಗಿತ್ತು. ಕೂಸಿನ ರಕ್ತ ತೆಗೆದು ಕಿಟ್ ಮೇಲೆ ಹಾಕಿದೆ. ಎರಡು ಗೆರೆ ಬಂತು. ಪಾಸಿಟಿವ್ ಅಂತ ಬರೆದು, ಕವರಿನಲ್ಲಿಟ್ಟು ಕೊಟ್ಟೆ. ಒಂದು ಮಾತೂ ಆಡಲಿಲ್ಲ.

ಆಡಬೇಕಿತ್ತು. ಆ ಕಿಟ್ ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸೋ ಆಂಟಿಬಾಡಿಯನ್ನ. ಬಸುರಿನ ಕೊನೆಯ ತಿಂಗಳುಗಳಲ್ಲಿ ಅಮ್ಮ ತನ್ನ ಆಂಟಿಬಾಡಿಗಳನ್ನ ಮಗುವಿಗೆ ಕೈಗಡ ಕೊಟ್ಟಿರ್ತಾಳೆ. ದಡಾರದ್ದೂ ಇರುತ್ತೆ, ಎಚ್‌ಐವಿಯದ್ದೂ ಇರುತ್ತೆ. ಅದು ಪೂರ್ತಿ ಕರಗೋಕೆ 18 ತಿಂಗಳು ಬೇಕಾಗಬಹುದು. ಅಂದ್ರೆ ನಾನು ಬರೆದ ಪಾಸಿಟಿವ್ ಅಮ್ಮನದ್ದೇ, ಇನ್ನೊಂದು ಸಲ! ಮಗುವಿನದ್ದು ತಿಳೀಬೇಕಂದ್ರೆ ಪಿಸಿಆರ್ ಬೇಕು. ನಮ್ಮೂರಲ್ಲಿ ಆಗ ಅದೆಲ್ಲಿ? (ಆರು ವಾರದ ಕೂಸಿನ ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ರಕ್ತದ ಚುಕ್ಕೆ ಒಣಗಿಸಿ ಪಿಸಿಆರ್‌ಗೆ ಕಳಿಸೋ ಏರ್ಪಾಡನ್ನ ನ್ಯಾಕೋ ಶುರು ಮಾಡಿದ್ದು 2010ರಲ್ಲಿ.)

ವರ್ಷ ಕಳೆದ ಮೇಲೆ ಮತ್ತೆ ಬಂದರು. ಈ ಸಲ ಒಂದೇ ಗೆರೆ. ಎದೆಹಾಲು ಮೊದಲಿಂದಲೂ ಕುಡಿಸಿರಲಿಲ್ಲವಂತೆ. ನನಗೆ ಖುಷಿಯೋ ಖುಷಿ. ಆ ತಾಯಿ ನಗಲಿಲ್ಲ. "ಇಷ್ಟು ದಿನ ಇವನ ಲೋಟ, ತಟ್ಟೆ ಎಲ್ಲಾ ಬೇರೆ ಇಟ್ಟಿದ್ರು ಸಾರ್" ಅಂದರು. ಅತ್ತೆ ಗೋಡೆ ನೋಡ್ತಾ ನಿಂತಿದ್ದರು.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಸೋಂಕು ತಗುಲಿದ ದೊಡ್ಡವರಲ್ಲಿ ಕೆಲವೇ ವಾರಕ್ಕೆ ಮೈ ತಿರುಗಿಬಿದ್ದು ವೈರಸ್ಸಿನ ಸಂಖ್ಯೆ ಇಳಿಸುತ್ತೆ. ಕೂಸುಗಳಲ್ಲಿ ಹಾಗಾಗಲ್ಲ. ಹೊಟ್ಟೆಯೊಳಗೆ ಅಮ್ಮನ ಜೀವಕೋಶಗಳ ಜೊತೆ ಜಗಳ ಆಡದೆ ಇರೋದನ್ನೇ ಕಲಿತು ಬಂದ ಮೈ ಅಲ್ವಾ... ಸಂಖ್ಯೆ ತಿಂಗಳುಗಟ್ಟಲೆ ಮೇಲೇ ಇರುತ್ತೆ. 2008ರಲ್ಲಿ ದಕ್ಷಿಣ ಆಫ್ರಿಕಾದವರು, ಮೂರು ತಿಂಗಳೊಳಗೇ ಔಷಧಿ ಶುರು ಮಾಡಿದ್ರೆ ಸಾವು ಶೇ. 76ರಷ್ಟು ತಗ್ಗುತ್ತೆ ಅಂತ ತೋರಿಸಿದರು.

ನನ್ನನ್ನ ಬಹಳ ಕಾಡಿದ್ದು ಅಮೆರಿಕದ ಮಿಸಿಸಿಪ್ಪಿಯ ಮಗು. 2010ರಲ್ಲಿ ಹುಟ್ಟಿದ್ದು, 30 ಗಂಟೆಗೇ ಔಷಧಿ. ಒಂದೂವರೆ ವರ್ಷಕ್ಕೆ ತಾಯಿ ಆಸ್ಪತ್ರೆಗೆ ಬರೋದು ನಿಂತು, ಔಷಧಿಯೂ ನಿಂತಿತು. 23 ತಿಂಗಳಿಗೆ ನೋಡಿದ್ರೆ ವೈರಸ್ ಪತ್ತೆಯಿಲ್ಲ, ಆಂಟಿಬಾಡಿಯೂ ಇಲ್ಲ! 2013ರಲ್ಲಿ ಈ ಸುದ್ದಿ ಹೊರಬಿದ್ದಾಗ ಮಗು ಗುಣವಾಯ್ತು ಅಂತ ಜಗತ್ತೆಲ್ಲ ಸಂಭ್ರಮ. 2014ರ ಜುಲೈನಲ್ಲಿ ವೈರಸ್ ವಾಪಸ್ ಬಂದಿದೆ ಅಂತ ಗೊತ್ತಾಯ್ತು. ಔಷಧಿ ಅಷ್ಟು ಬೇಗ ಬಿದ್ದಿದ್ದರಿಂದ ಆ ಪುಟ್ಟ ಮೈ ವೈರಸ್ಸಿನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಅದು ಮೂಲೆಯಲ್ಲಿ ಅಡಗಿದ್ದಾಗ ಕಾವಲಿಗೆ ಯಾರೂ ಇರಲಿಲ್ಲ.

ಹೋದ ವರ್ಷ ಒಬ್ಬ ತಂದೆ ಬಂದಿದ್ದರು. ಮಗಳಿಗೆ ಎರಡು ವರ್ಷ. ಆರು ವಾರಕ್ಕೇ ಪಿಸಿಆರ್ ಪಾಸಿಟಿವ್ ಬಂದು ಔಷಧಿ ಶುರುವಾಗಿತ್ತು. ಈಗ ಯಾವುದೋ ಲ್ಯಾಬಿನಲ್ಲಿ ಕಿಟ್ ಟೆಸ್ಟ್ ಮಾಡಿಸಿದ್ದಾರೆ, ನೆಗೆಟಿವ್. "ಇನ್ನು ಮಾತ್ರೆ ನಿಲ್ಲಿಸಬಹುದಲ್ವಾ ಸಾರ್?"

ಈ ಸಲ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಅರ್ಧ ಗಂಟೆ ಮಾತಾಡಿದೆ. ಎಲ್ಲ ಕೇಳಿ "ಹಂಗಾದ್ರೆ ಈ ರಿಪೋರ್ಟು ಸುಳ್ಳಾ?" ಅಂದರು.

"ಸುಳ್ಳಲ್ಲ. ಅಮ್ಮ ಕೊಟ್ಟಿದ್ದು ಖರ್ಚಾಗಿದೆ, ಮಗಳು ತನ್ನದನ್ನ ಇನ್ನೂ ದುಡಿದಿಲ್ಲ. ವೈರಸ್ ಮಾತ್ರ ಒಳಗೇ ಇದೆ" ಅಂದೆ.

ಅವರು ರಿಪೋರ್ಟನ್ನ ಮಡಚಿ ಜೇಬಿಗಿಟ್ಟುಕೊಂಡು, ಎಆರ್‌ಟಿ ಸೆಂಟರ್ ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ಕೇಳಿದರು. ನಾಲ್ಕು ದಿನದಿಂದ ಮಾತ್ರೆ ಕೊಟ್ಟೇ ಇರಲಿಲ್ಲವಂತೆ.