ಮುಸುರೆ ಯಂತ್ರದ ಮರ್ಜಿ

ಪಾತ್ರೆ ತೊಳೆಯುವ ಯಂತ್ರ ಬಂದ ಮೇಲೆ ನಮ್ಮ ಮನೆಯವರಿಗೆಲ್ಲ ಹೊಸದೊಂದು ವಿದ್ಯೆ ಹತ್ತಿದೆ: ಜೋಡಿಸುವ ವಿದ್ಯೆ. ತಟ್ಟೆಗಳು ಒಂದೇ ಕಡೆ ಮುಖ ಮಾಡಿರಬೇಕು, ಲೋಟ ಬೋರಲಿರಬೇಕು, ಸೌಟಿನ ಹಿಡಿ ನೀರು ಚಿಮ್ಮುವ ರೆಕ್ಕೆಗೆ ತಗಲಬಾರದು. ಜನ್ಮದಲ್ಲಿ ಒಂದು ಲೋಟ ತೊಳೆಯದ ನಮ್ಮ ಯಜಮಾನರು ಈಗ ನಾನು ಇಟ್ಟದ್ದನ್ನೆಲ್ಲ ತೆಗೆದು ಮತ್ತೆ ಜೋಡಿಸುತ್ತಾರೆ. ಅದು ಎಂಜಿನಿಯರಿಂಗ್ ಅಂತೆ! ಅತ್ತೆಯವರ ತಕರಾರೇ ಬೇರೆ: "ಬೆಳಗಿನ ಮುಸುರೆಯನ್ನ ರಾತ್ರಿವರೆಗೂ ಬೀರುವಿನೊಳಗೆ ಇಟ್ಕೋತೀರಲ್ಲೇ!" ಯಂತ್ರ ತುಂಬುವ ತನಕ ಕಾಯಬೇಕಲ್ಲ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಇಂಥ ಯಂತ್ರವನ್ನು ಬಳಕೆಗೆ ಬರುವಂತೆ ರೂಪಿಸಿದಾಕೆಗೂ ತೊಳೆಯುವವರ ಕೈಯ ಚಿಂತೆ ಇರಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫೀನ್ ಕಾಕ್ರನ್ ಅನುಕೂಲಸ್ಥ ಮನೆಯಾಕೆ. ಆಳುಗಳು ತೊಳೆಯುವಾಗ ಪಿಂಗಾಣಿ ತಟ್ಟೆಗಳ ಅಂಚು ಮುಕ್ಕಾಗುತ್ತವೆಂದು ಆಕೆಗೆ ಸಂಕಟ. 1883ರಲ್ಲಿ ಗಂಡ ತೀರಿಕೊಂಡು ಸಾಲ ತಲೆಯ ಮೇಲೆ ಬಿದ್ದಾಗ ಆ ಸಂಕಟವೇ ಉದ್ಯೋಗವಾಯಿತು. ತಟ್ಟೆ ಲೋಟಗಳ ಅಳತೆಗೆ ತಂತಿಯ ಗೂಡು ಹೆಣೆಸಿ, ಅದರ ಮೇಲೆ ಸೋಪಿನ ಬಿಸಿನೀರು ರಭಸದಿಂದ ಬೀಳುವಂತೆ ಮಾಡಿ, 1886ರ ಡಿಸೆಂಬರ್ 28ರಂದು ಪೇಟೆಂಟ್ ಪಡೆದರು. 1893ರ ಶಿಕಾಗೋ ಮೇಳದಲ್ಲಿ ಹೆಸರೂ ಬಂತು. ಆದರೆ ಕೊಂಡವರು ಹೋಟೆಲಿನವರು. ಮನೆಗಳಲ್ಲಿ ಅಷ್ಟು ಬಿಸಿನೀರು ಎಲ್ಲಿತ್ತು?

ನಮ್ಮಜ್ಜಿಯ ಬಚ್ಚಲಲ್ಲಿ ಪಾತ್ರೆ ತಿಕ್ಕಲು ಇದ್ದದ್ದು ಒಲೆಯ ಬೂದಿ, ತೆಂಗಿನ ನಾರು, ಹಿತ್ತಾಳೆಗೆ ಹುಣಸೆಹಣ್ಣು. ಬೂದಿಯ ಕ್ಷಾರ ಜಿಡ್ಡಿನ ಒಂದಂಶವನ್ನು ಸೋಪಾಗಿಸುತ್ತದೆ. ಯಂತ್ರದ ಪುಡಿಯಲ್ಲೂ ಮುಖ್ಯವಾಗಿ ಇರುವುದು ಕ್ಷಾರವೇ, ವಾಷಿಂಗ್ ಸೋಡಾ. ಜೊತೆಗೆ ಗಂಜಿ ಬಿಡಿಸಲೊಂದು ಕಿಣ್ವ, ಬೇಳೆ ಹಾಲಿನ ಕರೆಗೆ ಇನ್ನೊಂದು. ಅಜ್ಜಿ ಕಾಸು ಕೊಡದೆ ಪಡೆದದ್ದನ್ನು ನಾವು ಡಬ್ಬಿಯಲ್ಲಿ ತರುತ್ತೇವೆ, ಅಷ್ಟೇ.

ಯಂತ್ರಕ್ಕೆ ಹಾಕುವ ಉಪ್ಪಿನ ಕತೆ ಮಾತ್ರ ಅಜ್ಜಿಗೆ ಗೊತ್ತಿರಲಿಲ್ಲ. ಬೆಂಗಳೂರಿನ ನಮ್ಮ ಬೋರ್‌ವೆಲ್ ನೀರು ಬಕೆಟ್ಟಿನ ತಳಕ್ಕೆ ಸುಣ್ಣ ಬಳಿಯುವಂಥದ್ದು. ಯಂತ್ರದ ಹೊಟ್ಟೆಯಲ್ಲಿರುವ ರಾಳದ ಮಣಿಗಳು ಆ ಗಡಸನ್ನು ಹೀರಿಕೊಳ್ಳುತ್ತವೆ; ಹೀರಿ ಹೀರಿ ಸೋತ ಮಣಿಗಳನ್ನು ಉಪ್ಪುನೀರು ಮತ್ತೆ ಚುರುಕು ಮಾಡುತ್ತದೆ. ನಾವು ಸುರಿಯುವ ಉಪ್ಪೆಲ್ಲ ಯಂತ್ರದ ಉಪಚಾರಕ್ಕೇ ಸರಿ.

ಇಷ್ಟು ಉಪಚಾರ ಮಾಡಿಸಿಕೊಂಡರೂ ಅದು ದೋಸೆ ಕಾವಲಿಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಪಳಗಿದ ಎಣ್ಣೆಪಸೆ ಹೋಗಿ ಕಾವಲಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಹಿತ್ತಾಳೆ ಮಂಕಾಗುತ್ತದೆ, ಮರದ ಸೌಟು ಸೀಳುಬಿಡುತ್ತದೆ. ಹಬ್ಬದ ದಿನ ಹುಳಿ ಮಾಡಿದ ದೊಡ್ಡ ತಪ್ಪಲೆ ಬಾಗಿಲೊಳಗೇ ಹೋಗುವುದಿಲ್ಲ. ಆದರೂ ರಾತ್ರಿ ಊಟದ ತಟ್ಟೆ, ಬಟ್ಟಲು, ಲೋಟಗಳ ರಾಶಿ ಸಿಂಕಿನಿಂದ ಮಾಯವಾಗುತ್ತದಲ್ಲ, ಆ ಸುಖಕ್ಕೆ ಯಂತ್ರದ ಬೆಲೆ ದುಬಾರಿಯೇನಲ್ಲ. ಕೊಳ್ಳುವ ಮನಸ್ಸಿದ್ದವರು ಅಂಗಡಿಗೆ ಹೋಗುವ ಮೊದಲು ಮನೆಯ ನೀರಿನ ಗಡಸು ಪರೀಕ್ಷೆ ಮಾಡಿಸಿ, ಅಡುಗೆಮನೆಯಲ್ಲಿ ಸ್ಟೀಲಿನ ಪಾತ್ರೆ ಎಷ್ಟಿವೆ ಎಂದು ನೋಡಿಕೊಳ್ಳಿ.