ತಣಿಸಂದ್ರದಲ್ಲಿ ನೋಡೋಕೆ ಏನೈತೆ?

ಶಿರಾ ತಾಲ್ಲೂಕಿನ ನಮ್ಮೂರಿಂದ ದೊಡ್ಡಪ್ಪ ಕಣ್ಣು ತೋರಿಸಲು ಬಂದಿದ್ದರು. ಮೊದಲ ದಿನದ ಪರೀಕ್ಷೆ ಮುಗಿಸಿ, ಒಂದು ದಿನ ಬಿಟ್ಟು ಬನ್ನಿ ಎಂದು ಆಸ್ಪತ್ರೆಯವರು ಚೀಟಿ ಕೊಟ್ಟು ಕಳಿಸಿದ್ದರು. ನಡುವೆ ಒಂದು ದಿನ ಖಾಲಿ. ಬೆಳಿಗ್ಗೆ ಎದ್ದವರೇ ಬಾಲ್ಕನಿಯಲ್ಲಿ ನಿಂತು ಎದುರಿನ ಅಪಾರ್ಟ್‌ಮೆಂಟಿನ ಮಹಡಿಗಳನ್ನು ಎಣಿಸಿದರು. ಆಮೇಲೆ ಬೇಸರವಾಗಿ ಒಳಗೆ ಬಂದರು.

"ಲೋ ಮಗ, ಸುಮ್ಕೆ ಕುಂತ್ರೆ ಕಾಲು ಹಿಡ್ಕಂತವೆ. ಈ ನಿಮ್ ತಣಿಸಂದ್ರದಾಗೆ ನೋಡೋಕೆ ಏನೈತೆ, ತೋರ್ಸು."

ನಾವು ತಡಬಡಾಯಿಸಿದೆವು. ಎಂಟು ವರ್ಷದಿಂದ ಇಲ್ಲಿದ್ದೇವೆ. ಪತ್ರಿಕೆಗೆ ಸುದ್ದಿ ಕಳಿಸಿ ಬದುಕುವವರು ನಾವು. ಆದರೆ ನೆಂಟರಿಗೆ ತೋರಿಸಲು ಲಾಲ್‌ಬಾಗು, ವಿಧಾನಸೌಧ ಬಿಟ್ಟರೆ ಬಾಯಿಗೆ ಬೇರೇನೂ ಬರಲಿಲ್ಲ. ಅವೆರಡನ್ನೂ ದೊಡ್ಡಪ್ಪ ನಮಗಿಂತ ಮೊದಲೇ ನೋಡಿದ್ದಾರೆ.

ಅಷ್ಟರಲ್ಲಿ ನಮ್ಮ ಮಗ ಮೊಬೈಲಿನಲ್ಲಿ ವೆಸ್ಟ್ ಇಂಡೀಸ್ ಕಡೆಯ ಒಂದು ದ್ವೀಪದ ವಿಡಿಯೋ ಹಾಕಿಕೊಂಡು ಕೂತಿದ್ದ. ಸೇಂಟ್ ಕಿಟ್ಸ್ ಅಂತ. ನೀಲಿ ಸಮುದ್ರ, ಗುಡ್ಡದ ಮೇಲೆ ಬ್ರಿಮ್‌ಸ್ಟೋನ್ ಹಿಲ್ ಎಂಬ ಹಳೇ ಕೋಟೆ, ಸಾಲಾಗಿ ಫಿರಂಗಿಗಳು. 1999ರಲ್ಲಿ ಯುನೆಸ್ಕೋದವರು ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ದೊಡ್ಡಪ್ಪನೂ ಬಗ್ಗಿ ನೋಡಿದರು. "ಯಾರ್ ಕಟ್ಟಿದ್ದು?" ಎಂದರು. ಬ್ರಿಟಿಷರ ಕೋಟೆ, ಆದರೆ ಕಲ್ಲು ಹೊತ್ತು ಕಟ್ಟಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಎಂದೆವು. "ಹೊತ್ತೋರ್ ಹೆಸ್ರು ಎಲ್ಲಾದ್ರೂ ಬರ್ದವ್ರಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಮಾತಿಗೇ ನಮಗೆ ಹೆಬ್ಬಾಳದ ಕಲ್ಲು ನೆನಪಾಗಿದ್ದು.

"ನಡೀರಿ ದೊಡ್ಡಪ್ಪ, ಹೆಸರು ಬರೆದಿರೋದನ್ನ ತೋರಿಸ್ತೀವಿ" ಎಂದು ಹೊರಟೆವು.

ಮೊದಲು ರಾಚೇನಹಳ್ಳಿ ಕೆರೆ. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಏರಿಯ ಮೇಲೆ ನಡೆಯುತ್ತಾ ದೊಡ್ಡಪ್ಪ ಕೇಳಿದರು, "ತಣಿಸಂದ್ರ, ಅಲ್ಲಾಳಸಂದ್ರ, ದೊಮ್ಮಸಂದ್ರ... ಇದೇನಪ್ಪ ಎಲ್ಲೋದ್ರೂ ಸಂದ್ರ?"

ಸಂದ್ರ ಅಂದರೆ ಸಮುದ್ರ. ಹಿಂದಿನವರು ಕೆರೆ ಕಟ್ಟಿಸಿ ಅದಕ್ಕೆ ಸಮುದ್ರ ಎಂದು ಹೆಸರಿಡುತ್ತಿದ್ದರು. ಬಾಯಿಂದ ಬಾಯಿಗೆ ಬರುತ್ತಾ ಅದು ಸಂದ್ರ ಆಯಿತು. ಈ ಭಾಗದಲ್ಲಿ ನದಿ ಇಲ್ಲ. ಬಿದ್ದ ಮಳೆ ನೀರನ್ನು ಒಂದು ಕೆರೆಯಲ್ಲಿ ಹಿಡಿದು, ಅದು ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಹೋಗುವಂತೆ ಸಾಲಾಗಿ ಕಟ್ಟಿದ್ದಾರೆ. ಜಕ್ಕೂರು ಕೆರೆಯ ನೀರು ರಾಜಕಾಲುವೆ ಹಿಡಿದು ಬರುವುದು ಇದೇ ರಾಚೇನಹಳ್ಳಿ ಕೆರೆಗೆ. ಈಗ ಜಕ್ಕೂರು ಕೆರೆಗೆ ಸೇರುವುದರಲ್ಲಿ ಹೆಚ್ಚಿನದು ಶುದ್ಧೀಕರಿಸಿದ ಕೊಳಚೆ ನೀರು. ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆ ಸೇರುತ್ತದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ನೀರು ನೋಡಿ, "ಸಮುದ್ರ ತೋರ್ಸಿದ್ದಾಯ್ತು ಬುಡು. ಈಗ ಕೋಟೆ ತೋರ್ಸು" ಎಂದು ನಕ್ಕರು.

ನಾಗವಾರಕ್ಕೆ ಬಂದು ರಿಂಗ್ ರಸ್ತೆಯ ಬಸ್ಸು ಹತ್ತಿದೆವು. ಒಂದು ಕಡೆ ಮಾನ್ಯತಾ ಟೆಕ್ ಪಾರ್ಕ್, ರಸ್ತೆ ನಡುವೆ ಮೆಟ್ರೋ ಕಂಬಗಳು. ಹೆಬ್ಬಾಳ ಎಂದರೆ ನಮಗೆಲ್ಲ ಫ್ಲೈಓವರು, ಟ್ರಾಫಿಕ್ಕು, ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಗಳು. ಆದರೆ ಅದರ ಪಕ್ಕದಲ್ಲೇ ಹಳೇ ಹೆಬ್ಬಾಳ ಗ್ರಾಮ ಇದೆ. ಸಣ್ಣ ಬೀದಿಗಳು, ಗುಡಿ, ಅಂಗಡಿ. ಅಲ್ಲೊಂದು ಕಲ್ಲಿನ ಮಂಟಪ, ಮಂಟಪದೊಳಗೆ ಒಂದು ವೀರಗಲ್ಲು.

2018ರಲ್ಲಿ ಹೆಬ್ಬಾಳದಲ್ಲಿ ಮೋರಿ ಕೆಲಸಕ್ಕೆ ನೆಲ ಅಗೆಯುವಾಗ ಸಿಕ್ಕ ಕಲ್ಲು ಇದು. ಅಕ್ಷರ ಕಂಡವರು ಸುಮ್ಮನಾಗದೆ ಶಾಸನದ ಬಗ್ಗೆ ತಿಳಿದವರಿಗೆ ಸುದ್ದಿ ಮುಟ್ಟಿಸಿದರು. ಓದಿ ನೋಡಿದರೆ ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಊರಿನ ಮೇಲೆ ದಾಳಿ ಬಂದಾಗ ಕಿತ್ತಯ್ಯ ಎಂಬವನು ಹೋರಾಡಿ ಮಡಿದ ಎಂದು ಅದರಲ್ಲಿದೆ. ಈ ಸೀಮೆಯನ್ನು ಪೆರ್ಬೊಳಲ್ ನಾಡು ಎಂದು ಕರೆದಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪೆರ್ಬೊಳಲ್ ಹೆಬ್ಬಾಳ ಆಯಿತು. ಅಂದರೆ ಸುಮಾರು 1270 ವರ್ಷದ ಹಿಂದೆಯೇ ಇಲ್ಲಿ ದೊಡ್ಡ ಊರಿತ್ತು. ಕೆಂಪೇಗೌಡರು ಬೆಂಗಳೂರು ಪೇಟೆ ಕಟ್ಟಿದ್ದು 1537ರಲ್ಲಿ. ಅದಕ್ಕೂ ಸುಮಾರು 800 ವರ್ಷ ಹಿಂದಿನ ಮಾತು ಇದು. ಬೆಂಗಳೂರು ಎಂಬ ಹೆಸರನ್ನೇ ಹೇಳುವ ಬೇಗೂರಿನ ವೀರಗಲ್ಲು ಕೂಡ ಸುಮಾರು 890ರದ್ದು, ಇದಕ್ಕಿಂತ ಚಿಕ್ಕದು.

ಮಂಟಪ ಕಟ್ಟಿದ್ದು ಸಾರ್ವಜನಿಕರ ನೆರವಿನಿಂದ. ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಕನ್ನಡಕ ಏರಿಸಿ, ಬೆರಳು ತಾಗಿಸದೆ ಅಕ್ಷರದ ಸಾಲುಗಳ ಹತ್ತಿರ ಮುಖ ಒಯ್ದು ನೋಡಿದರು. ಹಳಗನ್ನಡ ಲಿಪಿ, ನಮಗೂ ಓದಲು ಬರುವುದಿಲ್ಲ.

"ಕಿತ್ತಯ್ಯ ರಾಜನೇನಪ್ಪ?"

"ಅಲ್ಲ ದೊಡ್ಡಪ್ಪ. ನಮ್ಮ ನಿಮ್ಮಂಥೋನು."

"ರಾಜನ್ ಹೆಸ್ರಿನ್ ಜತೆಗೆ ಇವನ್ ಹೆಸ್ರೂ ಬರ್ದವ್ರೆ ಅನ್ನು."

ಹೌದು. ವೀರಗಲ್ಲಿನ ದೊಡ್ಡತನವೇ ಅದು. ಪ್ರಪಂಚದ ಎಷ್ಟೋ ಕೋಟೆಗಳಲ್ಲಿ ಕಟ್ಟಿಸಿದವರ ಹೆಸರು ಉಳಿದಿದೆ, ದುಡಿದವರದು ಇಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನಿಗೆ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೆ, ಊರಿಗೆ ಬಿದ್ದ ದಾಳಿಗೆ ಎದುರು ನಿಂತವನಿಗೆ ಊರವರು ಕಲ್ಲು ನಿಲ್ಲಿಸಿದರು. ದನಕ್ಕಾಗಿ ನಡೆದ ಕಾಳಗವನ್ನು ಶಾಸನಗಳು ತುರುಗೊಳ್ ಎನ್ನುತ್ತವೆ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಟ್ಟರೆ ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಇಂಥ ಮೂರು ಪಟ್ಟಿಯ ಕಲ್ಲನ್ನು ನಿಮ್ಮೂರಿನ ಕೆರೆ ಏರಿಯ ಮೇಲೋ, ಹೊಲದ ಬದುವಿನಲ್ಲೋ ನೀವೂ ನೋಡಿರುತ್ತೀರಿ.

ಸಂಜೆ ಮೇಖ್ರಿ ವೃತ್ತದ ಹತ್ತಿರ ಕೆಂಪೇಗೌಡ ಗೋಪುರಕ್ಕೆ ಹೋದೆವು. ರಮಣ ಮಹರ್ಷಿ ಉದ್ಯಾನದ ಪಕ್ಕ ಬಂಡೆಯ ಮೇಲಿರುವ ಪುಟ್ಟ ಗೋಪುರ. ಇಂಥ ನಾಲ್ಕು ಇವೆ. ಉಳಿದ ಮೂರು ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರು ಕೆರೆ ಹತ್ತಿರ, ಕೆಂಪಾಂಬುಧಿ ಕೆರೆ ಹತ್ತಿರ. ಊರು ಇಲ್ಲಿಯವರೆಗೆ ಬೆಳೆಯುತ್ತದೆ ಎಂದು ಗುರುತಿಟ್ಟು ಕಟ್ಟಿದ್ದು ಎಂಬ ಮಾತಿದೆ. ಬೆಂಗಳೂರು ಆ ಗುರುತು ದಾಟಿ ತಣಿಸಂದ್ರವನ್ನೂ ನುಂಗಿ ಮುಂದಕ್ಕೆ ಹೋಗಿದೆ. ದೊಡ್ಡಪ್ಪನಿಗೆ ಗೋಪುರದ ಮೇಲೆ ಅಷ್ಟೇನೂ ಮನಸ್ಸು ಹೋಗಲಿಲ್ಲ. ಕಡಲೆಕಾಯಿ ತಿನ್ನುತ್ತಾ ಸುಮ್ಮನೆ ಕೂತಿದ್ದರು.

ಆಮೇಲೆ ಮೆಲ್ಲಗೆ ಹೇಳಿದರು. "ಲೋ, ನಮ್ ಕೆರೆ ಕೆಳಗಿನ ಹೊಲದ ಬದೀನಾಗೆ ಒಂದು ಕಲ್ಲೈತಲ್ಲ, ನಿಮ್ಮಜ್ಜಿ ಯುಗಾದಿಗೆ ಎಣ್ಣೆ ಹಚ್ತಿದ್ಲಲ್ಲ. ಅದ್ರಾಗೂ ಬರ್ದೈತೆ ಕಣ್ಲಾ."

ನಮಗೆ ಆ ಕಲ್ಲು ಗೊತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಹತ್ತಿ ಕುಣಿದಿದ್ದೇವೆ. ಅಕ್ಷರ ಇರುವುದು ಗೊತ್ತಿರಲಿಲ್ಲ, ಎಣ್ಣೆ ಮಸಿ ಮೆತ್ತಿಕೊಂಡಿತ್ತು.

"ಸೋಮ್ವಾರ ಜೆಸಿಬಿ ಬತ್ತೈತೆ. ಹೊಲಕ್ಕೆ ದಾರಿ ಮಾಡ್ತಾವ್ರೆ. ಆ ಕಲ್ಲು ಅಡ್ಡ ಬತ್ತೈತೆ, ಮೋರಿಗೆ ಹಾಕ್ಕಂತೀವಿ ಅಂದ್ರು. ನಾನು ಹೂಂ ಅಂದ್ಬುಟ್ಟಿದೀನಿ."

ಅವತ್ತು ಶುಕ್ರವಾರ.

ಇಲ್ಲಿ ನಾವೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಬೇರೊಂದು ಊರಿನ ಕೆರೆ ಒತ್ತುವರಿ ಸುದ್ದಿಗೆ ಹೋದಾಗ ಏರಿಯ ಮೇಲೆ ಇಂಥದ್ದೇ ಕಲ್ಲು ಕಂಡಿದ್ದೆವು. ಅರ್ಧ ಹೂತಿತ್ತು, ಮೇಲೆ ಎರಡು ಸಾಲು ಅಕ್ಷರ. ಫೋಟೋ ತೆಗೆಯೋಣ ಎಂದುಕೊಂಡೆವು. ಆದರೆ ಸಂಜೆಯೊಳಗೆ ಒತ್ತುವರಿ ಸುದ್ದಿ ಕಳಿಸಬೇಕಿತ್ತು. ಕಲ್ಲಿನ ಸುದ್ದಿ ಯಾರು ಹಾಕುತ್ತಾರೆ ಎಂದು ಗಾಡಿ ಹತ್ತಿದೆವು. ಮತ್ತೆ ಹೋದಾಗ ಅಲ್ಲಿ ಬಡಾವಣೆಯ ರಸ್ತೆ ಬಂದಿತ್ತು. ಕಲ್ಲು ಎಲ್ಲಿ ಎಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಯಾರೋ ಒಬ್ಬ ಕಿತ್ತಯ್ಯನ ಹೆಸರು ನಮ್ಮ ಅವಸರದಲ್ಲಿ ಮಣ್ಣಾಯಿತು. ಯಾರ ಹೆಸರು ಎಂಬುದೂ ನಮಗೆ ತಿಳಿಯದು.

ಅದಕ್ಕೇ ಗೋಪುರದ ಬುಡದಲ್ಲೇ ಕೂತು ಊರಿಗೆ ಫೋನ್ ಮಾಡಿಸಿದೆವು. ದೊಡ್ಡಪ್ಪ ತಮ್ಮ ಮಗನಿಗೆ ಹೇಳಿದ್ದು ಇಷ್ಟೇ: "ಆ ಕಲ್ಲು ಮುಟ್ಟಬ್ಯಾಡ್ರಿ. ನಾನ್ ಬರೋಗಂಟ ಜೆಸಿಬಿ ಆ ಬದಿಗೆ ಬರ್ಕೂಡ್ದು." ಆ ಕಡೆಯಿಂದ ಏನೋ ವಾದ ಬಂತು. ದಾರಿ ಕೆಲಸ ನಿಂತರೆ ಗುತ್ತಿಗೆದಾರ ಮತ್ತೆ ಬರುವುದಿಲ್ಲ ಎಂದು. ಅದೂ ಸುಳ್ಳಲ್ಲ. ಊರಿಗೆ ದಾರಿ ಬೇಕು, ಮಳೆಗಾಲದಲ್ಲಿ ರಾಗಿ ಹೊರೆ ತಲೆ ಮೇಲೆ ಹೊತ್ತು ತಂದವರಿಗೆ ಅದರ ಬೆಲೆ ಗೊತ್ತು. ದೊಡ್ಡಪ್ಪ, "ದಾರೀನೂ ಆಗ್ಲಿ, ಕಲ್ಲೂ ಉಳೀಲಿ. ನಾಕು ಮೊಳ ನಮ್ ಹೊಲದಾಗೇ ಸರಿಸ್ಕಳ್ಳಿ" ಎಂದರು.

ಭಾನುವಾರ ನಾವೂ ಅವರ ಜೊತೆ ಊರಿಗೆ ಹೋದೆವು. ಕಲ್ಲಿನ ಬುಡದಲ್ಲಿ ಯಾರೋ ಹಿಂದೆಂದೋ ನಿಧಿಗಾಗಿ ಅಗೆದ ಗುಂಡಿ ಇತ್ತು. ನೀರು ಚಿಮುಕಿಸಿ, ಮೆತ್ತನೆ ಬ್ರಷ್‌ನಿಂದ ಮಣ್ಣು ತೆಗೆದೆವು. ರಾತ್ರಿ ಎಂಟಕ್ಕೆ ಟಾರ್ಚನ್ನು ಪಕ್ಕದಿಂದ ಹಿಡಿದಾಗ ಅಕ್ಷರಗಳು ಒಂದೊಂದಾಗಿ ಎದ್ದವು. ಆರು ಸಾಲು. ಊರಿನ ಹುಡುಗರೆಲ್ಲ ಮೊಬೈಲು ಹಿಡಿದು ನಿಂತಿದ್ದರು. ದೊಡ್ಡಪ್ಪನ ಕಣ್ಣಿಗೆ ಇನ್ನೂ ಔಷಧಿ ಬಿಡುತ್ತಿದ್ದೆವು, ಅವರಿಗೆ ಮಂಜು ಮಂಜಾಗಿ ಕಾಣುತ್ತಿತ್ತು. "ಹೆಸ್ರು ಐತಾ ನೋಡ್ರಲಾ" ಎನ್ನುತ್ತಲೇ ಇದ್ದರು.

ಈಗ ದಾರಿ ಆಗಿದೆ. ಕಲ್ಲು ಇದ್ದಲ್ಲೇ ಇದೆ, ದಾರಿ ಅದನ್ನು ಬಳಸಿಕೊಂಡು ಹೋಗಿದೆ. ಫೋಟೋಗಳನ್ನು ಓದಬಲ್ಲವರಿಗೆ ಕಳಿಸಿದ್ದೇವೆ. ಹೆಸರು ಏನೆಂದು ಇನ್ನೂ ತಿಳಿದಿಲ್ಲ.

ಇದನ್ನು ಓದುತ್ತಿರುವ ನಿಮ್ಮೂರಿನಲ್ಲೂ ಇಂಥ ಕಲ್ಲಿದ್ದರೆ ಕೆಲವು ಮಾತು. ಬಣ್ಣ, ಎಣ್ಣೆ, ಅರಿಶಿನ ಹಚ್ಚಬೇಡಿ. ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿ. ಆಸಿಡ್, ತಂತಿ ಬ್ರಷ್ ಬೇಡವೇ ಬೇಡ. ಕೆಳಗೆ ನಿಧಿ ಇರುವುದಿಲ್ಲ, ಅದು ಸತ್ತವನ ನೆನಪಿನ ಕಲ್ಲು. ಬೆಳಿಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಎದುರಿನಿಂದ, ಹಿಂದಿನಿಂದ, ಪಕ್ಕಗಳಿಂದ ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಗ್ರಾಮ ಪಂಚಾಯಿತಿಗೂ ರಾಜ್ಯದ ಪುರಾತತ್ವ ಇಲಾಖೆಗೂ ಬರಹದಲ್ಲಿ ತಿಳಿಸಿ. ಬೆಂಗಳೂರಿನ ಸುತ್ತಮುತ್ತಲಿನವರಾದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೂ ತಿಳಿಸಬಹುದು, ಅಲ್ಲಿಯವರು ಶಾಸನಗಳನ್ನು ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ.

ನಿಮ್ಮೂರ ಕಲ್ಲನ್ನು ನೂರು ವರ್ಷದ ಹಿಂದೆಯೇ ಯಾರಾದರೂ ಓದಿರಲೂಬಹುದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು, ಊರುವಾರು ಶಾಸನಗಳಿವೆ. ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರಲ್ಲಿ ಬಂದದ್ದು. ಬೆಂಗಳೂರು ಜಿಲ್ಲೆಯದು 9ನೇದು, 1905ರದ್ದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ರೈಸ್ ಅವರ ಕಣ್ಣಿಗೆ ಬೀಳದವೂ ಬೇಕಾದಷ್ಟಿವೆ. ಹೆಬ್ಬಾಳದ ಕಿತ್ತಯ್ಯನೇ ಅದಕ್ಕೆ ಸಾಕ್ಷಿ.

ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. ಕಣ್ಣು ಈಗ ಚೆನ್ನಾಗಿ ಕಾಣುತ್ತಿದೆಯಂತೆ. ಪಕ್ಕದೂರಿನಿಂದ ಬಂದ ಬೀಗರು, ನಿಮ್ಮೂರಲ್ಲಿ ನೋಡೋಕೆ ಏನೈತೆ ಎಂದು ಕೇಳಿದರಂತೆ. ಇವರು ಟಾರ್ಚು ತೆಗೆದುಕೊಂಡು ಬದುವಿನ ಕಡೆ ಕರೆದುಕೊಂಡು ಹೋದರಂತೆ.